ಟಿ.ಸಿ. ತೆಗೆದುಕೊಂಡು ಬಂದ ಹುಡುಗಿಯರು

ಈ ವರ್ಷ ನನ್ನ ಮೊಮ್ಮಗಳ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಹಳೆಯ ಮುಖ ಹುಡುಕಬೇಕಾದರೆ ಕನ್ನಡಕ ಒರೆಸಿಕೊಂಡು ಕೂರಬೇಕು. ಕಾಲೇಜು ಅಂದರೆ ಇಲ್ಲಿ ಹೈಸ್ಕೂಲು. ಇದು ಗೊತ್ತಿಲ್ಲದೆ ನಾನು ನ್ಯೂಜಿಲೆಂಡಿಗೆ ಬಂದ ಹೊಸದರಲ್ಲಿ ಹಾಸನದ ತಂಗಿಗೆ ಫೋನ್ ಮಾಡಿ, ಮೊಮ್ಮಗಳು ಕಾಲೇಜು ಸೇರಿದಳು ಅಂದುಬಿಟ್ಟೆ. "ಗಂಡು ಗಿಂಡು ನೋಡ್ತಿದ್ದೀರೇನಕ್ಕ?" ಅಂದಳು. ಹುಡುಗಿ ಆಗಿನ್ನೂ ಹಲ್ಲಿಗೆ ತಂತಿ ಹಾಕಿಸಿಕೊಂಡು ಓಡಾಡುತ್ತಿದ್ದಳು.

ನಾನಿರುವುದು ಜಾನ್ಸನ್‌ವಿಲ್‌ನಲ್ಲಿ, ಮಗಳ ಮನೆಯಲ್ಲಿ. ಮಗಳೂ ಅಳಿಯನೂ ಕೆಲಸ ಮುಗಿಸಿ ಬರುವುದು ತಡ, ಹಾಗಾಗಿ ಮ್ಯಾಚು ನೋಡುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆಟದ ನಿಯಮವೆಲ್ಲ ತಲೆಗೆ ಹೋಗುವುದಿಲ್ಲ. ಚೆಂಡು ಬಲೆಯೊಳಗೆ ಬೀಳಬೇಕು. ಚೆಂಡನ್ನು ಮುಂದಕ್ಕೆ ತಂದು, ಯಾರಿಗೆ ಕೊಟ್ಟರೆ ಒಳ್ಳೆಯದೋ ಅವರಿಗೆ ಕೊಡುವುದು ನಮ್ಮ ಹುಡುಗಿಯ ಜಾಗ. ಪಾಯಿಂಟ್ ಗಾರ್ಡ್ ಅನ್ನುತ್ತಾರೆ. ಮನೆಯಲ್ಲಿ ಕುಡಿದ ಲೋಟ ಎತ್ತಿಡದವಳು ಅಲ್ಲಿ ಎಲ್ಲರಿಗೂ ಬಡಿಸುತ್ತಾಳೆ. ನಾನು ಡಬ್ಬಿಯಲ್ಲಿ ನಿಪ್ಪಟ್ಟು ಒಯ್ಯುತ್ತಿದ್ದೆ. ಆ ಹುಡುಗಿಯರೆಲ್ಲ ನನ್ನನ್ನು ಅಜ್ಜಿ ಅಂತಲೇ ಕರೆದು, ಡಬ್ಬಿ ಬರಿದು ಮಾಡಿ ಕೊಡುತ್ತಿದ್ದರು.

ಇದು ಅವಳ ಕೊನೆಯ ವರ್ಷ. ಮೊದಲ ಟೀಮಿನಲ್ಲಿ ಆಡಿ ಮುಗಿಸಬೇಕು ಅನ್ನುವುದು ಬಿಟ್ಟರೆ ಅವಳಿಗೆ ಬೇರೆ ಆಸೆ ಇರಲಿಲ್ಲ. ಬೇಸಿಗೆ ರಜವೆಲ್ಲ ಗ್ಯಾರೇಜಿನ ಮುಂದೆ ಚೆಂಡು ಕುಟ್ಟಿ ಕುಟ್ಟಿ ನನ್ನ ಮಧ್ಯಾಹ್ನದ ನಿದ್ದೆ ಹಾಳು ಮಾಡಿದ್ದಳು. ಕಾಲೇಜು ತೆರೆದ ವಾರವೇ ಊಟಕ್ಕೆ ಕೂತವಳು ತಟ್ಟೆಗೆ ಕೈ ಹಾಕಲಿಲ್ಲ.

"ಅಜ್ಜಿ, ನಮ್ ಟೀಮ್‌ಗೆ ತ್ರೀ ಟ್ರಾನ್ಸ್‌ಫರ್ಸ್ ಬಂದಿದಾರೆ. ಒಬ್ಳು ಪಾಯಿಂಟ್ ಗಾರ್ಡ್. ಹಾರ್ನ್‌ಬಿಯಿಂದ. ಐ ಆಮ್ ಆನ್ ದ ಬೆಂಚ್."

"ಹಾರ್ನ್‌ಬಿ ಅಂದ್ರೆ?"

"ಕ್ರೈಸ್ಟ್‌ಚರ್ಚ್. ಸೌತ್ ಐಲ್ಯಾಂಡ್."

ನಾವಿರುವುದು ಉತ್ತರದ ದ್ವೀಪದಲ್ಲಿ, ಅದು ದಕ್ಷಿಣದ್ದು. ಚೆಂಡಾಟಕ್ಕೋಸ್ಕರ ಸಮುದ್ರ ದಾಟಿ ಬಂದಳಂತೆ. ನನಗೆ ನಂಬಿಕೆ ಬರಲಿಲ್ಲ. ನಮ್ಮ ಕಡೆ ಓದು ಮುಗಿಯುವ ಮೊದಲೇ ಹೆಡ್‌ಮಾಸ್ತರು ಟಿ.ಸಿ. ಕೈಗಿಟ್ಟರು ಅಂದರೆ ಮಗು ಏನೋ ಮಾಡಿಕೊಂಡಿದೆ ಅಂತಲೇ ಅರ್ಥ. ಮೂವರಿಗೆ ಮೂವರೂ ಬೇರೆ ಬೇರೆ ಕಾಲೇಜಿನಿಂದ ಹೊರಬಿದ್ದಿದ್ದಾರೆ, ಅಂಥವರನ್ನು ಆರಿಸಿ ತಂದಿದ್ದಾನಲ್ಲ ಈ ಕೋಚು, ಇವನಿಗೆ ಬುದ್ಧಿ ಇದೆಯೇ ಅಂದುಕೊಂಡೆ.

ಮೊದಲ ಮ್ಯಾಚಿನಲ್ಲಿ ನನ್ನ ಪಕ್ಕ ಒಬ್ಬ ಬಿಳಿ ಮುದುಕಿ ಹೆಣಿಗೆ ಹಿಡಿದು ಕೂತಿದ್ದಳು. ಹಾರ್ನ್‌ಬಿಯ ಹುಡುಗಿ ಚೆಂಡು ಹಾಕಿದಾಗಲೆಲ್ಲ ಹೆಣಿಗೆ ನಿಲ್ಲುತ್ತಿತ್ತು. ಅಜ್ಜಿಯೇ ಇರಬೇಕು. ನನಗೆ ಸುತ್ತಿ ಬಳಸಿ ಮಾತಾಡಲು ಕನ್ನಡದಲ್ಲೇ ಬರುವುದಿಲ್ಲ, ಇನ್ನು ಇಂಗ್ಲಿಷಿನಲ್ಲಿ ಎಲ್ಲಿಂದ ಬರಬೇಕು? ಇದ್ದಬದ್ದ ಇಂಗ್ಲಿಷನ್ನು ಒಟ್ಟು ಮಾಡಿ ಕೇಳಿಯೇ ಬಿಟ್ಟೆ: ನಿಮ್ಮ ಹುಡುಗಿಗೆ ಟಿ.ಸಿ. ಯಾಕೆ ಕೊಟ್ಟರು?

"ಟಿ.ಸಿ. ಅಂದರೆ?"

"ಸ್ಕೂಲಿನವರು ಯಾಕೆ ಓಡಿಸಿದರು?"

ಅವಳು ಕಡ್ಡಿ ಕೆಳಗಿಟ್ಟಳು. ನನ್ನ ಮಾತಿನಲ್ಲಿ ಹೇಳುವುದಾದರೆ ಅವಳು ಹೇಳಿದ್ದು ಹೀಗೆ: "ಓಡಿಸಲಿಲ್ಲ ತಾಯಿ, ಇಲ್ಲಿನವರು ಕರೆದರು. ಹೋದ ವರ್ಷ ಅಲ್ಲಿನ ಕಾಲೇಜಿಗೆ ಇನ್ನೊಬ್ಬಳು ಬಂದು ಇವಳ ಜಾಗ ತೆಗೆದುಕೊಂಡಳು. ಇವಳು ಇಲ್ಲಿಗೆ ಬಂದಳು. ಚಿಕ್ಕ ಹುಡುಗಿ ಒಬ್ಬಳೇ ಹೇಗಿರುತ್ತಾಳೆ ಅಂತ ಅವಳಪ್ಪ ನನ್ನನ್ನೂ ಹೊರಡಿಸಿದ. ನನ್ನ ಅಡುಗೆಮನೆ ಅಲ್ಲಿ, ನಾನು ಇಲ್ಲಿ."

"ನಿಮ್ಮ ಹುಡುಗಿ ಯಾರು?" ಅಂದಳು. ಬೆಂಚಿನ ಕಡೆ ಬೆರಳು ತೋರಿಸಿದೆ. ನಿಪ್ಪಟ್ಟು ಕೊಟ್ಟೆ, ತಿಂದಳು. ಖಾರಕ್ಕೆ ಮೂಗು ಒರೆಸಿಕೊಂಡು ಇನ್ನೊಂದು ತೆಗೆದುಕೊಂಡಳು.

ಮುಂದಿನ ವಾರಗಳಲ್ಲಿ ನಮ್ಮ ಹುಡುಗಿ ಆಡಿದ್ದಕ್ಕಿಂತ ನೀರಿನ ಬಾಟಲಿ ಹಂಚಿದ್ದೇ ಹೆಚ್ಚು. ಆಗ ಇನ್ನೊಂದು ಕಾಲೇಜಿನ ಕೋಚು ಅಳಿಯನಿಗೆ ಫೋನ್ ಮಾಡಿದ. ನಮ್ಮಲ್ಲಿಗೆ ಬರಲಿ, ಮೊದಲ ಟೀಮಿನಲ್ಲೇ ಆಡಿಸುತ್ತೇವೆ, ಒಂದು ಸಂಜೆ ಪ್ರಾಕ್ಟೀಸಿಗೆ ಬಂದು ನೋಡಲಿ ಅಂದನಂತೆ. ಅಳಿಯ ಕುಣಿಯುವುದೊಂದು ಬಾಕಿ.

"ಅತ್ತೆ, ಈಗೆಲ್ಲ ಹೀಗೇ. ಒಳ್ಳೇ ಪ್ಲೇಯರ್ಸ್ ಒಂದೇ ಕಡೆ ಇರಲ್ಲ."

"ನಿಮ್ಮ ಮಾವನವರಿಗೆ ಒಂದು ಸಲ ಟ್ರಾನ್ಸ್‌ಫರ್ ಆದಾಗ ಎಮ್ಮೆಲ್ಲೆ ಮನೆ ಬಾಗಿಲಲ್ಲಿ ಬೆಳಗಿಂದ ಸಂಜೆವರೆಗೂ ನಿಂತಿದ್ರು, ರದ್ದು ಮಾಡಿಸೋಕೆ. ನೀವು ಕೇಳ್ಕೊಂಡು ಹೋಗ್ತೀರಾ?"

"ಅದು ಲೈನ್‌ಮ್ಯಾನ್ ಕೆಲಸ ಅತ್ತೆ, ಇದು ಬ್ಯಾಸ್ಕೆಟ್‌ಬಾಲ್."

"ಕಂಬ ಹತ್ತೋರಿಗಾದ್ರೂ ಊರು ಯಾವುದು ಅಂತ ಗೊತ್ತಿರ್ತಿತ್ತು."

ಮಗಳು ಅಡ್ಡ ಬಂದಳು. "ಅಮ್ಮ, ನೀನು ಸುಮ್ನಿರು. ಏನೇ, ನೀನು ಹೇಳು." ಹುಡುಗಿ, "ಐ ಡೋಂಟ್ ನೋ, ಎವ್ರಿವನ್ ಡಸ್ ಇಟ್," ಅಂತ ತಟ್ಟೆ ತೊಳೆಯಲು ಎದ್ದು ಹೋದಳು. ತಟ್ಟೆ ತೊಳೆಯಲು ಅವಳಾಗಿ ಎದ್ದದ್ದನ್ನು ನಾನು ಅವತ್ತೇ ನೋಡಿದ್ದು.

ಬಾಯಲ್ಲಿ ಏನೇ ಅಂದರೂ, ಅವಳು ಆಡುವುದು ನನಗೂ ಬೇಕಿತ್ತು. ಬಾಟಲಿ ಹಿಡಿದು ನಿಂತದ್ದನ್ನು ನೋಡಿ ನೋಡಿ ಸಾಕಾಗಿತ್ತು. ಪ್ರಾಕ್ಟೀಸಿನ ದಿನ ಟ್ರೈನಿನಲ್ಲಿ ನಾನೇ ಜೊತೆಗೆ ಹೋದೆ. ಅಲ್ಲಿ ಜುಟ್ಟು ಕಟ್ಟಿದ ಕುಳ್ಳ ಹುಡುಗಿಯೊಬ್ಬಳು ಓಡಿ ಬಂದಳು. ಬ್ಯಾಗು ಎಲ್ಲಿಡಬೇಕು, ನೀರು ಎಲ್ಲಿ ಸಿಗುತ್ತದೆ, ಎಲ್ಲ ತೋರಿಸಿದಳು. ನನಗೂ ಕುರ್ಚಿ ತಂದು ಹಾಕಿದಳು. ಆಟ ಶುರುವಾದಾಗ ಕೋಚು ಆ ಕುಳ್ಳಿಯನ್ನು ಕೂರಿಸಿ ನಮ್ಮವಳನ್ನು ಇಳಿಸಿದ. ನಮ್ಮವಳು ಚೆನ್ನಾಗಿಯೇ ಆಡಿದಳು. ಕುಳ್ಳಿ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು.

ವಾಪಸು ಬರುವಾಗ ಟ್ರೈನು ಸುರಂಗ ದಾಟಿತು. ಆಮೇಲೆ, "ಅಜ್ಜಿ, ಆ ಹುಡುಗಿ ಅವರ ಪಾಯಿಂಟ್ ಗಾರ್ಡ್," ಅಂದಳು.

"ಗೊತ್ತಾಯ್ತು."

"ಶಿ ವಾಸ್ ಸೋ ನೈಸ್ ಟು ಮಿ."

"ಅದಕ್ಕೆ?"

"ಅದಕ್ಕೆ ಹೋಗಲ್ಲ."

ನನಗೆ ಸಿಟ್ಟು ಬಂತು. "ಹಾರ್ನ್‌ಬಿಯವಳು ನಿನ್ನ ಕೇಳಿ ಬಂದ್ಳೇನೇ? ಆ ಕುಳ್ಳಿ ಕುರ್ಚಿ ತಂದು ಹಾಕಿದ್ಳು ಅಂತ ಒಂದು ವರ್ಷ ನೀರು ಹೊರ್ತೀಯಾ? ನಾಳೆ ಆ ಕುಳ್ಳಿಯೂ ಎಲ್ಲಿಗೋ ಹೋಗ್ತಾಳೆ, ಆಗ ಏನು ಮಾಡ್ತೀಯ?"

"ನೀರು ಹೊರಲ್ಲ. ಸೆಕೆಂಡ್ ಟೀಮ್‌ಗೆ ಹೋಗ್ತೀನಿ. ಅಲ್ಲಿ ಆಡಬಹುದು."

"ಅವರು ಯಾವ ಮ್ಯಾಚೂ ಗೆಲ್ಲಲ್ವಲ್ಲೇ."

"ಯಾ, ದೇ ಆರ್ ಟೆರಿಬಲ್," ಅಂದು ನಕ್ಕಳು. ಕಾಲೇಜು ತೆರೆದಾಗಿನಿಂದ ಅವಳು ನಕ್ಕದ್ದು ಅದೇ ಮೊದಲು. ಹಾಗಂತ ನನ್ನ ಸಿಟ್ಟು ಇಳಿಯಲಿಲ್ಲ. ಆ ಜಾಗದಲ್ಲಿ ನಾನಿದ್ದಿದ್ದರೆ ಅವತ್ತೇ ಬ್ಯಾಗು ಅಲ್ಲೇ ಇಟ್ಟು ಬರುತ್ತಿದ್ದೆ. ಮನೆಗೆ ಬಂದು ಹೇಳಿದಾಗ ಅಳಿಯನ ಮುಖ ನೋಡಬೇಕಿತ್ತು. ಅವರ ಮುಂದೆ ಮಾತ್ರ ನಾನು ಹುಡುಗಿಯ ಪಕ್ಷ ಹಿಡಿದೆ.

ಈಗ ಎರಡನೆಯ ಟೀಮಿನ ಮ್ಯಾಚು ನಡೆಯುವುದು ಅದೇ ಜಿಮ್ಮಿನ ಆಚೆ ಮೂಲೆಯ ಕೋರ್ಟಿನಲ್ಲಿ. ನೋಡಲು ಯಾರೂ ಬರುವುದಿಲ್ಲ, ಬೆಂಚಿಗೂ ಬಣ್ಣವಿಲ್ಲ. ನಮ್ಮವಳು ಚೆಂಡು ತಂದು ಕೈಗೆ ಕೊಟ್ಟರೂ ಆ ಮಕ್ಕಳು ಬೀಳಿಸುತ್ತಾರೆ. ಇವಳು ಎತ್ತಿಕೊಂಡು ಮತ್ತೆ ಕೊಡುತ್ತಾಳೆ. ನೋಡಿದರೆ ಮೈ ಉರಿಯುತ್ತದೆ. ನಿಪ್ಪಟ್ಟಿನ ಡಬ್ಬಿ ಮಾತ್ರ ಖಾಲಿಯಾಗಿ ವಾಪಸು ಬರುತ್ತಿದೆ.

ಹೋದ ವಾರ ತನ್ನ ಹುಡುಗಿಯ ಆಟದ ನಡುವೆ ಬಿಡುವು ಸಿಕ್ಕಿತು ಅಂತ ಹಾರ್ನ್‌ಬಿಯ ಮುದುಕಿ ಹೆಣಿಗೆ ಎತ್ತಿಕೊಂಡು ನನ್ನಲ್ಲಿಗೆ ಬಂದಳು. ನಾನು ಕಲಿಸಿದ ಮಾತನ್ನು ನನ್ನ ಮೇಲೇ ತಿರುಗಿಸಿದಳು.

"ನಿಮ್ಮ ಹುಡುಗಿಗೆ ಟಿ.ಸಿ. ಸಿಕ್ಕಿತಾ?"

"ಇಲ್ಲ," ಅಂದೆ. "ಫೇಲು. ಅದೇ ಸ್ಕೂಲು."

ಅವಳು ನಕ್ಕು, ಬ್ಯಾಗು ಸರಿಸಿ ನನ್ನ ಪಕ್ಕ ಕೂತಳು. ಆಚೆ ಅವಳ ಹುಡುಗಿಯ ಆಟ ಮತ್ತೆ ಶುರುವಾದರೂ ಏಳಲಿಲ್ಲ. ಮುಂದಿನ ವರ್ಷ ಆ ಹುಡುಗಿಯನ್ನು ಆಕ್ಲೆಂಡಿನವರು ಕರೆಯುತ್ತಿದ್ದಾರಂತೆ.