ಗರ್ ಅಕ್ಕ ಮತ್ತು ಹನ್ನೆರಡು ವೂಫರ್‌ಗಳು

ಬೆಳಗಿನ ಐದೂವರೆ. ಕಾರ್ಖಾನೆಯ ಮೊದಲ ಮಹಡಿಯಲ್ಲಿ, ದಪ್ಪ ಬಾಗಿಲಿನ ಪುಟ್ಟ ಕೋಣೆಯೊಂದರ ಮುಂದೆ ನಿಂತು ಆಕೆ ಮೈಮೇಲಿನದನ್ನೆಲ್ಲ ಒಂದೊಂದಾಗಿ ಕಳಚುತ್ತಾರೆ. ಕೈಗಡಿಯಾರ, ಉಂಗುರ, ಮನೆಯ ಬೀಗದ ಕೈ, ತಲೆಯ ನಾಲ್ಕು ಪಿನ್ನು, ಕನ್ನಡಕ. ಎಲ್ಲವೂ ಬಾಗಿಲ ಹೊರಗಿನ ಪ್ಲಾಸ್ಟಿಕ್ ಬುಟ್ಟಿಗೆ ಬೀಳುತ್ತವೆ. ಒಳಗೆ ಹೋಗುತ್ತಾರೆ. ಅರೆ, ಮತ್ತೆ ಹೊರಗೆ ಬಂದರಲ್ಲ! ಕೋಟಿನ ಜೇಬು ತಡಕುತ್ತಾರೆ, ಏನೂ ಇಲ್ಲ. ಇವತ್ತು ಹೀಗೆ ಒಳಗೆ ಹೋಗಿ ಹೊರಗೆ ಬರುತ್ತಿರುವುದು ಇದು ಮೂರನೇ ಸಲ.

ಕೊನೆಗೂ ಸ್ಟೂಲಿನ ಮೇಲೆ ಕೂರುತ್ತಾರೆ. ಮೇಜಿನ ಮೇಲಿಂದ ಹತ್ತಿಂಚಿನ ಒಂದು ವೂಫರನ್ನು, ಅಂದರೆ ದುಬಾರಿ ಸ್ಪೀಕರ್ ಪೆಟ್ಟಿಗೆಯೊಳಗೆ ಕೂತು ತಗ್ಗು ದನಿ ಹೊರಡಿಸುವ ಭಾರದ ಬಟ್ಟಲನ್ನು, ಎರಡೂ ಕೈಯಲ್ಲಿ ಎತ್ತಿ ಎದೆಯ ಮುಂದೆ ನೆಟ್ಟಗೆ ಹಿಡಿಯುತ್ತಾರೆ. ಕಾಲಲ್ಲಿ ಸ್ವಿಚ್ ಒತ್ತುತ್ತಾರೆ. ಗುಂಯ್ ಎಂದು ಹೊಟ್ಟೆಯೊಳಗೇ ಹುಟ್ಟಿದ ಹಾಗೆ ಒಂದು ದನಿ ಶುರುವಾಗಿ, ಏರುತ್ತ ಏರುತ್ತ ಹೋಗಿ, ಹನ್ನೆರಡನೇ ಸೆಕೆಂಡಿಗೆ ನಿಲ್ಲುತ್ತದೆ. ಅಷ್ಟರೊಳಗೆ ವೂಫರ್ ಅವರ ಕೈಯಲ್ಲಿ ಕಾರಿನ ಸ್ಟೇರಿಂಗಿನಂತೆ ಒಂದು ಸುತ್ತು ತಿರುಗಿರುತ್ತದೆ. ಸರಿಯಿದ್ದರೆ ಎಡಕ್ಕೆ ಇಡುತ್ತಾರೆ. ಇಲ್ಲದಿದ್ದರೆ ಬೆನ್ನಿಗೆ ಸೀಮೆಸುಣ್ಣದಲ್ಲಿ ಒಂದಕ್ಷರ ಬರೆದು ಬಲಕ್ಕೆ ಇಡುತ್ತಾರೆ. ಒಳಗೆ ಏನೋ ಉಜ್ಜುತ್ತಿದ್ದರೆ 'ಗ', ತಂತಿ ಸಡಿಲವಾಗಿದ್ದರೆ 'ಚಿ', ಗಾಳಿ ಸೋರಿದರೆ 'ಫು'. ಗರ್, ಚಿರ್, ಫುಸ್. ಈ ವಿದ್ಯೆಯ ಇಡೀ ನಿಘಂಟು ಇಷ್ಟೇ ನೋಡಿ. ಅದಕ್ಕೇ ಕಾರ್ಖಾನೆಗೆಲ್ಲ ಆಕೆ ಗರ್ ಅಕ್ಕ.

ದಿನಕ್ಕೆ ನೂರನಲವತ್ತು ಸ್ಪೀಕರು. ಇಪ್ಪತ್ತಮೂರು ವರ್ಷ. ಲೆಕ್ಕ ಹಾಕಿದರೆ ಒಂಬತ್ತು ಲಕ್ಷ ದಾಟುತ್ತದೆ. ಸಂಗೀತದ ಹುಚ್ಚಿರುವ ಯಾರ ಮನೆಯ ಹಜಾರದಲ್ಲೋ ಆಳೆತ್ತರದ ಪೆಟ್ಟಿಗೆಗಳು ನಿಂತಿರುತ್ತವೆ. ಅವುಗಳ ಮರ ಯಾವುದು, ಕಾಗದದ ಬಟ್ಟಲು ಯಾವುದು ಎಂದು ಒಡೆಯರು ಗಂಟೆಗಟ್ಟಲೆ ಹೇಳುತ್ತಾರೆ. ಅವನ್ನು ಮೊದಲು ಕೇಳಿದವರು ಯಾರು ಅಂತ ಕೇಳಿ ನೋಡೋಣ! ಕಣ್ಣು ಕಣ್ಣು ಬಿಡುತ್ತಾರೆ.

ಇವತ್ತು ಆಕೆಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕಾರಣ ಇದೆ. ಹೋದ ವಾರ ಬಂದ ನೂರಿಪ್ಪತ್ತು ವೂಫರ್‌ಗಳಲ್ಲಿ ಮೂವತ್ತೊಂದರ ಬೆನ್ನಿಗೆ ಆಕೆ 'ಗ' ಬರೆದಿದ್ದಾರೆ. ಮಾಮೂಲಿಯಾಗಿ ನೂರಕ್ಕೆ ನಾಲ್ಕು ಹೋದರೆ ಹೆಚ್ಚು. ಕಳೆದ ವರ್ಷ ತಂದ ಪರೀಕ್ಷಾ ಯಂತ್ರ ಆ ಮೂವತ್ತೊಂದಕ್ಕೂ ಹಸಿರು ದೀಪ ಕೊಟ್ಟಿದೆ. ಶುಕ್ರವಾರ ಅರವತ್ತು ಜೋಡಿ ಪೆಟ್ಟಿಗೆ ಹೊರಡಬೇಕು. ಕಾರ್ಖಾನೆಯ ಯಜಮಾನರು ನಿನ್ನೆ ಒಂದು ತೀರ್ಮಾನ ಹೇಳಿದ್ದಾರೆ: ಬೆಳಿಗ್ಗೆ ಆರೂವರೆಗೆ ಪರದೆಯ ಹಿಂದೆ ಹನ್ನೆರಡು ವೂಫರ್ ನುಡಿಸುವುದು. ಅದರಲ್ಲಿ ಐದು ಆಕೆಯೇ ತೆಗೆದುಹಾಕಿದವು. ಆ ಐದನ್ನು ಆಕೆ ಹಿಡಿದರೆ ಮಾಲು ನಿಲ್ಲುತ್ತದೆ. ಹಿಡಿಯದಿದ್ದರೆ ಮೂವತ್ತೊಂದೂ ಪೆಟ್ಟಿಗೆ ಸೇರುತ್ತವೆ, ಈ ಕೋಣೆ ಯಂತ್ರಕ್ಕೆ ಹೋಗುತ್ತದೆ, ಆಕೆ ಪ್ಯಾಕಿಂಗಿಗೆ ಹೋಗುತ್ತಾರೆ.

ಅನುಮಾನಕ್ಕೆ ದಾರಿ ಮಾಡಿಕೊಟ್ಟವರು ಆಕೆಯೇ. ಆರು ತಿಂಗಳ ಹಿಂದೆ ತಾವಾಗಿ ಎಂಜಿನಿಯರ್ ಹತ್ತಿರ ಹೋಗಿ, "ಸಾರ್, ತೀರಾ ಮೇಲಿನ ಸಣ್ಣ ದನಿ ನಂಗೀಗ ಕೇಳ್ತಿಲ್ಲ. ಸಣ್ಣ ಸ್ಪೀಕರೆಲ್ಲ ಬೇರೆಯವ್ರಿಗೆ ಕೊಡಿ" ಎಂದಿದ್ದರು. ವಯಸ್ಸು ಐವತ್ತೆರಡು, ಯಾರಿಗಾದರೂ ಆಗುವುದೇ. ತಗ್ಗು ದನಿಗೆ ಏನೂ ಆಗಿಲ್ಲವೆಂದು ಕಿವಿಯ ಡಾಕ್ಟರು ಬರೆದೂ ಕೊಟ್ಟಿದ್ದಾರೆ. ಆದರೆ ಒಮ್ಮೆ ಕಿವಿ ಹೋಯಿತು ಎಂದರೆ ಮುಗಿಯಿತು, ಯಾವ ಕಿವಿ ಎಷ್ಟು ಎಂದು ಯಾರು ಕೇಳುತ್ತಾರೆ?

"ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎನ್ನುತ್ತಾರೆ ಆಕೆ, ಸೀಮೆಸುಣ್ಣವನ್ನು ಬೆರಳಲ್ಲಿ ಉರುಳಿಸುತ್ತ. "ಆದ್ರೆ ಕೇಳ್ದೇ ಇರೋದನ್ನ ಕೇಳ್ತು ಅಂತ ಹೆಂಗ್ ಬರೀಲಿ?"

ಶುರುವಿನಲ್ಲಿ ಆಕೆ ಇಲ್ಲಿ ಅಂಟು ಹಚ್ಚುವ ಸಾಲಿನಲ್ಲಿದ್ದವರು. ಬಟ್ಟಲಿನ ಹಿಂದೆ ತಾಮ್ರದ ತಂತಿಯ ಒಂದು ಸುರುಳಿ ಇರುತ್ತದೆ. ಅದು ಅಯಸ್ಕಾಂತದ ಸಂದಿಯಲ್ಲಿ ಹಿಂದೆ ಮುಂದೆ ಓಡಾಡಬೇಕು, ಗೋಡೆಗೆ ಮಾತ್ರ ತಾಗಬಾರದು. ಆಚೀಚೆ ಇರುವ ಜಾಗ ಎರಡು ಕೂದಲಷ್ಟು. ಸುರುಳಿಯನ್ನು ನಡುವೆ ಹಿಡಿದಿಡುವ ಮಡಿಕೆ ಮಡಿಕೆಯ ಬಟ್ಟೆಗೆ ಕೆಲಸಗಾರರು 'ಜೇಡ' ಎನ್ನುತ್ತಾರೆ. ತಾವು ಅಂಟಿಸಿದ ಸ್ಪೀಕರನ್ನು ಆಕೆ ಸುಮ್ಮನೆ ಕಿವಿಗೆ ಹಿಡಿದು "ಇದು ಸರಿಯಿಲ್ಲ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಸರಿಯಿರುತ್ತಿರಲಿಲ್ಲ. ಎರಡನೇ ವರ್ಷಕ್ಕೇ ಈ ಸ್ಟೂಲು ಅವರದಾಯಿತು.

ಒಮ್ಮೆ ಮಾತ್ರ ಎಡವಿದ್ದಾರೆ. ಅದನ್ನು ಕಾರ್ಖಾನೆ ಮರೆತರೂ ಆಕೆ ಮರೆತಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಒಂದೇ ದಿನ ನಲವತ್ತು ಸ್ಪೀಕರಿಗೆ 'ಚಿ' ಬರೆದರು. ನಲವತ್ತನ್ನೂ ಬಿಚ್ಚಿದರು. ಎಲ್ಲವೂ ಚಿನ್ನದಂತಿದ್ದವು! ಚಿರ್ ಎನ್ನುತ್ತಿದ್ದದ್ದು ಮೇಜಿನ ಮೂಲೆಯಲ್ಲಿದ್ದ ಅವರದೇ ಕನ್ನಡಕದ ತಗಡಿನ ಡಬ್ಬಿ. ಸ್ಪೀಕರಿನ ದನಿ ಒಂದು ಮಟ್ಟಕ್ಕೆ ಬಂದಾಗಲೆಲ್ಲ ಅದು ನಡುಗುತ್ತಿತ್ತು. ಆವತ್ತಿನಿಂದ ಶುರುವಾದದ್ದು ಈ ಬಾಗಿಲ ಹೊರಗಿನ ಬುಟ್ಟಿ. ಈ ವಾರವಿಡೀ ಕಾಡುತ್ತಿರುವುದೂ ಅದೇ. ಈಗಲೂ ಅಂಥದ್ದೇ ಏನೋ ಇದ್ದರೆ? ಟ್ಯೂಬ್‌ಲೈಟ್ ಬಿಚ್ಚಿಸಿದ್ದಾರೆ. ಸ್ಟೂಲಿನ ಕಾಲಿಗೆ ರಬ್ಬರ್ ಹಾಕಿಸಿದ್ದಾರೆ. ಕೋಟಿನ ಗುಂಡಿಗಳನ್ನೂ ಕಿತ್ತು ದಾರ ಕಟ್ಟಿಕೊಂಡಿದ್ದಾರೆ.

ಮನೆಯಲ್ಲೂ ನೆಮ್ಮದಿಯಿಲ್ಲ. ಫ್ರಿಜ್ಜಿನ ಕಾಲಿಗೆ ರಟ್ಟು, ಬೀರುವಿನ ಬಾಗಿಲಿಗೆ ಮಡಿಸಿದ ಕಾಗದ, ತಟ್ಟೆಗಳ ನಡುವೆ ಬಟ್ಟೆ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ತಮಾಷೆಯ ಮನುಷ್ಯ. "ನಂಗೊಂದು 'ಗ' ಬರೆದು ಬಲಕ್ಕಿಟ್ಟುಬಿಡೇ, ಅತ್ಲಾಗೆ ನಿದ್ದೆ ಮಾಡ್ತೀನಿ" ಎನ್ನುತ್ತಾರೆ. ನಿನ್ನೆ ಮಾತ್ರ ಅವರು ನಗಿಸಲಿಲ್ಲ. ಆಕೆ ಅಡುಗೆಮನೆಗೂ ಹಜಾರಕ್ಕೂ ಓಡಾಡುವುದನ್ನು ನೋಡಿ, "ಪ್ಯಾಕಿಂಗ್ ಆದ್ರೇನಾಯ್ತು, ಸಂಬಳ ಅಷ್ಟೇ ತಾನೆ?" ಎಂದರಂತೆ.

"ಸಂಬಳ ಅಷ್ಟೇರೀ" ಎಂದಿದ್ದರು ಆಕೆ. "ಆದ್ರೆ ಅಲ್ಲಿ ಯಾರೂ ನನ್ನ ಮಾತು ಕೇಳ್ಬೇಕಾಗಿಲ್ವಲ್ಲ."

ಆರೂವರೆ. ಯಜಮಾನರು ಗೋಡೆಗೊರಗಿ ನಿಂತಿದ್ದಾರೆ. ಕೋಣೆಯ ನಡುವೆ ಕಪ್ಪು ಪರದೆ, ಅದರಾಚೆ ಹೊತ್ತು ತಂದಿಟ್ಟ ಯಂತ್ರ ಮತ್ತು ಎಂಜಿನಿಯರ್. ಒಳ್ಳೆಯ ಮನುಷ್ಯನೇ, ಅಂಕಿ ಸಂಖ್ಯೆಯನ್ನು ಮಾತ್ರ ನಂಬುವವನು. "ಒಂದನೇದು, ಅಕ್ಕಾ" ಎನ್ನುತ್ತಾನೆ. ದನಿ ಏರಿ ನಿಲ್ಲುತ್ತದೆ. ಶುದ್ಧ. "ಎರಡನೇದು." ಶುದ್ಧ. ಮೂರು, ನಾಲ್ಕು. ಆಕೆ ಕಣ್ಣು ಮುಚ್ಚಿ ಮುಂದಕ್ಕೆ ಬಾಗುತ್ತಾರೆ. ಐದು, ಆರು. ಹನ್ನೆರಡೂ ಮುಗಿಯುತ್ತವೆ. ಒಂದರಲ್ಲೂ ಗರ್ ಇಲ್ಲ.

ಆಕೆಯ ಕೈಯಲ್ಲಿರುವ ಕಾಗದ ಖಾಲಿ. ಏನಾದರೊಂದು ಐದು ಅಂಕಿ ಬರೆದುಬಿಡಬಹುದಿತ್ತಲ್ಲ ಎನ್ನುತ್ತೀರೇನೋ. ಆ ಜಾಯಮಾನ ಆಕೆಯದಲ್ಲ.

"ಯಾವ್ದೂ ಇಲ್ಲ ಸಾರ್. ಎಲ್ಲಾ ಚೆನ್ನಾಗಿವೆ."

ಯಜಮಾನರು ಉಸಿರು ಬಿಡುತ್ತಾರೆ. "ಬೇಜಾರ್ ಮಾಡ್ಕೋಬೇಡಿ ಅಕ್ಕಾ" ಎನ್ನುತ್ತಾರೆ, ಬೇಜಾರು ಅವರ ಮುಖದಲ್ಲೇ ಇದೆ. ಆಕೆ ಏಳುತ್ತಾರೆ, ಬಾಗಿಲಿನವರೆಗೆ ಹೋಗುತ್ತಾರೆ, ಬುಟ್ಟಿಯಿಂದ ಕನ್ನಡಕ ತೆಗೆದು ಹಾಕಿಕೊಳ್ಳುತ್ತಾರೆ. ಯಾಕೋ ಕೈ ಖಾಲಿ ಖಾಲಿ ಎನಿಸುತ್ತದೆ. ಇಪ್ಪತ್ತಮೂರು ವರ್ಷದಲ್ಲಿ ಕೈಯಲ್ಲಿ ಏನನ್ನೂ ಹಿಡಿಯದೆ ಕೇಳಿದ್ದು ಇದೇ ಮೊದಲು. ತಟ್ಟನೆ ತಿರುಗಿ ಬಂದು ಪರದೆ ಸರಿಸುತ್ತಾರೆ. ಹನ್ನೆರಡನೆಯ ವೂಫರ್ ಯಂತ್ರದ ಗುಂಡನೆ ಆಸನದಲ್ಲಿ, ಬಾಯಿ ಮೇಲೆ ಮಾಡಿಕೊಂಡು, ಅಂಗಾತ ಮಲಗಿದೆ.

"ಅಯ್ಯೋ, ಇದನ್ನ ಮಲಗಿಸಿದ್ದೀರಾ!"

"ಯಂತ್ರದಲ್ಲಿ ಹೀಗೇ ಅಲ್ವಾ ಅಕ್ಕಾ ಇಡೋದು?"

"ಜನರ ಮನೇಲಿ ಇದು ಮಲಗಿರುತ್ತಾ ಸಾರ್? ಪೆಟ್ಟಿಗೇಲಿ ನೆಟ್ಟಗೆ ನಿಂತಿರುತ್ತೆ. ಎಬ್ಬಿಸಿ ನಿಲ್ಸಿ. ನುಡಿಸ್ತಾ ನುಡಿಸ್ತಾ ತಿರುಗಿಸಿ."

ಎಂಜಿನಿಯರ್ ಯಜಮಾನರ ಮುಖ ನೋಡುತ್ತಾನೆ. ಯಜಮಾನರು ತಲೆಯಾಡಿಸುತ್ತಾರೆ. ಆಕೆ ಕನ್ನಡಕವನ್ನು ಮತ್ತೆ ಬುಟ್ಟಿಗೆ ಹಾಕಿ ಬರುತ್ತಾರೆ. ಪರದೆ ಮುಚ್ಚುತ್ತದೆ. ಹನ್ನೆರಡನ್ನೂ ಬೆರೆಸಿ, ಹೊಸದಾಗಿ ಸಂಖ್ಯೆ ಕೊಟ್ಟು, ಈ ಸಲ ನಿಲ್ಲಿಸಿ ತಿರುಗಿಸುತ್ತಾನೆ. ಒಂದು ಶುದ್ಧ. ಎರಡು ಶುದ್ಧ. ಮೂರನೆಯದು ಅರ್ಧ ಸುತ್ತು ತಿರುಗುವಾಗ, ಕಾಗದದ ಮೇಲೆ ಇರುವೆ ನಡೆದಷ್ಟು ಸಣ್ಣಗೆ, ಗರ್. "ಇದು!" ಎಂದು ಆಕೆ ಕೂಗಿದ ರಭಸಕ್ಕೆ ಸ್ಟೂಲು ಉರುಳುತ್ತದೆ. ಆಮೇಲೆ ಕೂರುವ ಮಾತೇ ಇಲ್ಲ. ಆರು, ಏಳು, ಹತ್ತು, ಹನ್ನೊಂದು. ಐದಕ್ಕೆ ಐದು. ಬೆನ್ನು ತಿರುಗಿಸಿ ನೋಡಿದರೆ ಐದರ ಮೇಲೂ ಅವರದೇ 'ಗ'.

ಮೂರನೆಯದನ್ನು ಅಲ್ಲೇ ಕೊಯ್ಯುತ್ತಾರೆ. ತಾಮ್ರದ ಸುರುಳಿಯ ಒಂದು ಮಗ್ಗುಲಲ್ಲಿ ಕಪ್ಪು ಗೆರೆ, ಉಜ್ಜಿದ ಗುರುತು. ಈ ಸಲ ಬಂದ ಜೇಡದ ಬಟ್ಟೆ ಮೆದು. ಮಲಗಿದ್ದಾಗ ಸುರುಳಿ ನಡುವೆಯೇ ಇರುತ್ತದೆ, ಎದ್ದು ನಿಂತರೆ ತನ್ನ ಭಾರಕ್ಕೆ ತಾನೇ ವಾಲಿ ಗೋಡೆಗೆ ತಾಗುತ್ತದೆ. ಆರು ತಿಂಗಳಿಗೆ ತಂತಿ ಸುಟ್ಟುಹೋಗುತ್ತಿತ್ತು ಎನ್ನುತ್ತಾನೆ ಎಂಜಿನಿಯರ್. ಮುಖ ಸಣ್ಣದಾಗಿದೆ.

"ಎಬ್ಬಿಸಿ ನಿಲ್ಲಿಸ್ಬೇಕು ಅಂತ ಮೊದ್ಲೇ ಹೇಳ್ಬಾರ್ದಿತ್ತಾ ಅಕ್ಕಾ?"

"ಅದೂ ಹೇಳೋ ವಿಷ್ಯ ಅಂತ ನಂಗೇನ್ ಗೊತ್ತು ಸಾರ್? ನೀವೂ ಯಾವತ್ತೂ ಕೇಳ್ಲಿಲ್ಲ."

ಶುಕ್ರವಾರದ ಮಾಲು ನಿಲ್ಲುತ್ತದೆ. ಯಂತ್ರದ ಆಸನವನ್ನು ಎಬ್ಬಿಸಿ ನಿಲ್ಲಿಸುವ ಕೆಲಸ ಎಂಜಿನಿಯರ್ ಪಾಲಿಗೆ, ಹೇಗೆಂದು ತೋರಿಸುವ ಕೆಲಸ ಗರ್ ಅಕ್ಕನ ಪಾಲಿಗೆ. ಯಜಮಾನರು ಉರುಳಿದ ಸ್ಟೂಲನ್ನು ತಾವೇ ಎತ್ತಿ ನಿಲ್ಲಿಸಿ, "ಏನಾದ್ರೂ ಬೇಕಾ ಅಕ್ಕಾ? ಕೇಳಿ" ಎನ್ನುತ್ತಾರೆ. ಆಕೆ ಬಹಳ ಹೊತ್ತು ಯೋಚಿಸುವುದಿಲ್ಲ.

"ಇಷ್ಟು ವರ್ಷದಲ್ಲಿ ಗುಂಯ್ ಅನ್ನೋದು ಬಿಟ್ರೆ ಇದ್ರಲ್ಲಿ ಬೇರೇನೂ ಕೇಳಿಲ್ಲ. ಒಂದೇ ಒಂದು ಹಾಡು ಪೂರ್ತಿ ಕೇಳ್ಬೇಕು. ತಪ್ಪು ಹುಡುಕ್ದೇ, ಸುಮ್ನೆ ಕೂತ್ಕೊಂಡು."

ಕೆಳಗಿನ ಮಹಡಿಯಲ್ಲಿ ಗಿರಾಕಿಗಳಿಗೆಂದು ಒಂದು ಕೋಣೆಯಿದೆ. ಮೆತ್ತನೆಯ ಸೋಫಾ, ಬೀದಿಗೆ ತೆರೆಯುವ ದೊಡ್ಡ ಕಿಟಕಿ, ಎದುರಿಗೆ ಅವರದೇ ಕಿವಿ ದಾಟಿ ಬಂದ ಹಳೆಯ ಮಾಲಿನ ಒಂದು ಜೋಡಿ. ಆಕೆ ಸೋಫಾದ ಅಂಚಿನಲ್ಲಿ ಕೂರುತ್ತಾರೆ. ಹಾಡು ಶುರುವಾಗುತ್ತದೆ. ಒಬ್ಬ ಹೆಂಗಸಿನ ದನಿ, ಹಿಂದೆ ದೊಡ್ಡದೊಂದು ಚರ್ಮವಾದ್ಯ. ಒಂದು ನಿಮಿಷ ಆಕೆ ಅಲುಗಾಡುವುದಿಲ್ಲ. ಕಣ್ಣು ತುಂಬಿಕೊಳ್ಳುತ್ತವೆ.

ಎರಡನೇ ನಿಮಿಷಕ್ಕೆ ದಿಢೀರನೆ ಎದ್ದು ನಿಲ್ಲುತ್ತಾರೆ. ಯಜಮಾನರ ಮುಖ ಬಿಳಿಚಿಕೊಳ್ಳುತ್ತದೆ. ಆಕೆ ಎಡಗಡೆಯ ಪೆಟ್ಟಿಗೆಯ ಹತ್ತಿರ ಹೋಗಿ ಬಾಗುತ್ತಾರೆ, ಬಲಗಡೆಯದಕ್ಕೆ ಹೋಗಿ ಬಾಗುತ್ತಾರೆ. ಆಮೇಲೆ ನೇರ ಕಿಟಕಿಯ ಹತ್ತಿರ ಹೋಗಿ, ಗಾಜಿನ ಮೇಲೆ ಅಂಗೈ ಊರುತ್ತಾರೆ.

"ಸ್ಪೀಕರ್ ಸರಿಯಿದೆ ಸಾರ್. ಇದು ಗಾಜು. ನೀವು ಹಾಡು ನಿಲ್ಲಿಸ್ಬೇಡಿ, ನಾನು ಹಿಡ್ಕೊಂಡಿರ್ತೀನಿ."

ಹಾಡು ಮುಗಿಯುವವರೆಗೂ ಆಕೆ ಅಲ್ಲೇ, ಗಾಜು ಹಿಡಿದುಕೊಂಡು ನಿಂತೇ ಕೇಳುತ್ತಾರೆ.