ಮೇಟಿ ಕಿತ್ತ ಹಿತ್ತಿಲು

ಆಗ ನನಗೆ ಹತ್ತೊಂಬತ್ತು. ಎಪ್ಪತ್ತು ವರ್ಷದ ಮೇಲಾಯಿತು. ಯುದ್ಧ ಮುಗಿದಿತ್ತು, ದಂಡಿನ ಹಳೇ ಸಾಮಾನು ವಿಜಾಪುರದ ಬಜಾರಿಗೆ ಬಂದಿತ್ತು. ನನ್ನ ಗಂಡ ಅಲ್ಲಿಂದ ದಪ್ಪ ಕ್ಯಾನ್ವಾಸಿನ ದೊಡ್ಡ ನೀರಿನ ತೊಟ್ಟಿಯೊಂದನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಬಲೇಶ್ವರಕ್ಕೆ ತಂದ. ಅದನ್ನು ನೆಲದಲ್ಲಿ ಹೂಳಬೇಕಿಲ್ಲ, ಸುತ್ತ ಗೂಟ ನೆಟ್ಟು ಕಟ್ಟಿ ನೆಲದ ಮೇಲೇ ನಿಲ್ಲಿಸುವುದು. ತುಂಬಿದರೆ ನೀರು ಎದೆಮಟ್ಟ.

ಅದು ನನ್ನ ನಾದಿನಿಗೆ. ಹದಿನಾರರ ಹುಡುಗಿ, ಜ್ವರ ಬಂದು ಕಾಲಿನ ಶಕ್ತಿ ಹೋಗಿತ್ತು. ದಿನಾ ನೀರಿನಲ್ಲಿ ನಿಂತು ಕಾಲಾಡಿಸಬೇಕು, ಈ ಬೇಸಿಗೆ ತಪ್ಪಿದರೆ ಕಾಲು ಒಣಗಿಯೇ ಹೋಗುತ್ತವೆ ಎಂದು ಹಕೀಮರು ಹೇಳಿದ್ದರು. ಬಾವಿಗೆ ಇಳಿಸುವ ಹಾಗಿರಲಿಲ್ಲ.

ನಮ್ಮ ಹಿತ್ತಿಲು ಒಂದು ಕಡೆ ಇಳಿಜಾರು.

"ತಗ್ಗಿಗೆ ನಾಕು ಬುಟ್ಟಿ ಮಣ್ಣು ಸುರುವಿದ್ರ ಆತು," ಎಂದ ಗಂಡ.

"ಸುರುವಿದ ಮಣ್ಣು ನೀರಿನ ಭಾರಕ್ಕ ಕುಂದ್ರತೈತಿ. ತೊಟ್ಟಿ ವಾಲಿ ಹರೀತೈತಿ. ಎತ್ತರ ಇದ್ದದ್ದನ್ನ ಕಡೀರಿ."

"ನೀ ಯಾವಾಗ ಗೌಂಡಿ ಆದಿ?"

"ತವರುಮನಿ ಕಳ್ಳಕವಟಗ್ಯಾಗ ವರ್ಷಾ ಕಣ ಮಾಡೀನ್ರಿ. ಹಿಡೀರಿ ಗುದ್ದಲಿ."

ಹಿಡಿದ. ಬಿರುಕು ಬಿಡುವ ಎರೆಮಣ್ಣನ್ನು ಮೊಣಕಾಲುದ್ದ ತೆಗೆಸಿ, ಗಟ್ಟಿ ಕೂರುವ ಗರಸು ಮಣ್ಣು ತುಂಬಿದೆವು. ಜಾಲಿ ಬೇರು, ಮುಳ್ಳು, ಹರಳು ಎಲ್ಲ ನಾನೇ ಕೂತು ಆರಿಸಿದೆ. ಒಂದು ಮುಳ್ಳು ಉಳಿದರೂ ಕ್ಯಾನ್ವಾಸು ತೂತು. ನೀರು ಚಿಮುಕಿಸಿ, ಎತ್ತು ತುಳಿಸಿ, ಕಲ್ಲಿನ ಗುಂಡು ಉರುಳಿಸಿದೆವು. ಉಣ್ಣುವ ಕಂಚಿನ ಗಂಗಾಳಕ್ಕೆ ಕಂಠಮಟ್ಟ ನೀರು ತುಂಬಿ ಎಂಟು ಕಡೆ ಇಟ್ಟು ನೋಡಿದೆ. ಎಲ್ಲಿ ಚೆಲ್ಲಿತೋ ಅಲ್ಲಿ ಮತ್ತೆ ಕೆರೆದೆ. ಐದನೇ ದಿನ ಒಂದು ಹನಿ ಚೆಲ್ಲಲಿಲ್ಲ.

ಬಾವಿಗೆ ಹೋಗಿ ಬರುವಷ್ಟರಲ್ಲಿ ನನ್ನ ಮಾವ ಅದರ ನಟ್ಟನಡುವೆ ಕುಣಿ ತೋಡಿ ಮೇಟಿ ನೆಟ್ಟಿದ್ದರು. ರಾಶಿ ಮಾಡುವಾಗ ಎತ್ತು ಸುತ್ತುವ ಕಂಬ ಅದು. ಅರಿಶಿಣ ಕುಂಕುಮ ಹಚ್ಚಿ, ಕಾಯಿ ಒಡೆದು ಕೂತಿದ್ದರು. ಅವರಿಗೆ ನೆಲ ಕಣದಂತೆ ಕಂಡಿತು, ಕೈ ರೂಢಿಯ ಕೆಲಸ ಮಾಡಿತು.

ಆ ಕಾಲದಲ್ಲಿ ಸೊಸೆ ಮಾವನ ಎದುರು ಬಾಯಿ ತೆರೆಯುತ್ತಿರಲಿಲ್ಲ. ನಾನು ತೆರೆದೆ.

"ಯಪ್ಪಾ, ಇಲ್ಲಿ ಜ್ವಾಳ ಒಕ್ಕೂದಿಲ್ರಿ. ನಿಮ್ಮ ಮಗಳು ನಿಂದರಬೇಕ್ರಿ."

"ಮೇಟಿ ಇಲ್ಲದ ಕಣ ಎಲ್ಲಿ ಕಂಡಿ ಬೇ? ಪೂಜಿ ಮಾಡಿದ್ದನ್ನ ಕೀಳ್ತಿ?"

"ಕೀಳ್ತೀನ್ರಿ."

ಕಿತ್ತೆ. ಅವರು ತಲೆಗೆ ಪಟಕಾ ಸುತ್ತಿಕೊಂಡು ಹೊರಗೆ ಹೋದರು, ಆ ದಿನ ಊಟಕ್ಕೂ ಬರಲಿಲ್ಲ. ಕುಣಿಗೆ ಹಿಡಿ ಹಿಡಿ ಗರಸು ಹಾಕಿ, ನೆನೆಸಿ, ಒನಕೆಯಿಂದ ಕುಟ್ಟಿದೆ. ಮತ್ತೆ ಗಂಗಾಳ ಇಟ್ಟೆ. ಸರಿಯಿತ್ತು.

ಮರುದಿನ ತೊಟ್ಟಿ ನಿಲ್ಲಿಸಿ ನೀರು ತುಂಬಿದೆವು. ಅಂಚಿನ ಸುತ್ತ ಬೆರಳಿಟ್ಟು ಅಳೆದೆ. ನೀರು ಎಲ್ಲ ಕಡೆ ಒಂದೇ ಮಟ್ಟ. ನೋಡಲು ಬಂದ, ಊರಲ್ಲಿ ಮನೆ ಕಟ್ಟುವ ಗೌಂಡಿಯೂ ಸುತ್ತು ಹಾಕಿ, "ಯಾರು ಮಾಡಿದ್ದಿದು?" ಎಂದ. ಗಂಡ ನನ್ನ ಕಡೆ ಕೈ ಮಾಡಿದ. ಆ ಗೌಂಡಿಯ ಮುಖ ನನಗಿನ್ನೂ ನೆನಪಿದೆ.

ನಾದಿನಿಯನ್ನು ಎತ್ತಿಕೊಂಡು ನಾನೂ ಇಳಿದೆ. ಅವಳ ಪಾದ ತಳ ಮುಟ್ಟಿದವು. ಆದರೆ ಹಿಡಿಯಲು ಏನೂ ಇಲ್ಲ, ಕ್ಯಾನ್ವಾಸು ಹಿಡಿದರೆ ಒಳಕ್ಕೆ ಬಾಗುತ್ತದೆ. ನನ್ನ ಕೊರಳಿಗೇ ಜೋತುಬಿದ್ದಳು.

"ಬಿಡಬ್ಯಾಡ ವೈನಿ, ಮುಳುಗತೀನಿ."

"ನಾ ಹಿಡಕೊಂಡ ನಿಂತ್ರ ನಡಿಯೂದು ನನ್ನ ಕಾಲು, ನಿನ್ನವಲ್ಲ."

ಅವಳು ಕೊರಳು ಬಿಡಲಿಲ್ಲ. ಹೆಜ್ಜೆಯನ್ನೂ ಇಡಲಿಲ್ಲ. ಹಿತ್ತಿಲ ಜಗಲಿಯ ಮೇಲೆ ಕೂತಿದ್ದ ಮಾವ ಎಲ್ಲ ನೋಡಿದರು.

ಮರುದಿನ ಬೆಳಿಗ್ಗೆ ಹಾರೆ ತೆಗೆದುಕೊಂಡು ತೊಟ್ಟಿಯ ಹೊರಗೆ, ಒಂದು ಮೊಳ ದೂರದಲ್ಲಿ, ಕುಣಿ ತೋಡಿದೆ. ಕುಂಕುಮ ಹಾಗೇ ಇದ್ದ ಮೇಟಿಯನ್ನು ಅಲ್ಲಿ ನೆಟ್ಟೆ. ಅದರಿಂದ ತೊಟ್ಟಿಯ ಆಚೆಗಿದ್ದ ಬೇವಿನ ಮರಕ್ಕೆ ನೀರಿನ ಮೇಲೆ ಹಗ್ಗ ಬಿಗಿದೆ. ಮಾವ ಎದ್ದು ಬಂದು ಗಂಟು ಜಗ್ಗಿ ನೋಡಿದರು. ನಾದಿನಿಯನ್ನು ಇಳಿಸಿ, ಹಗ್ಗವನ್ನು ಅವಳ ಎರಡೂ ಕೈಗೆ ಕೊಟ್ಟು, ರೊಟ್ಟಿ ಬಡಿಯಲು ಒಳಗೆ ಹೋದೆ.