ದೊಡ್ಡಪ್ಪನ ಗುಹೆಯ ಮುದುಕ

ನಮ್ಮ ದೊಡ್ಡಪ್ಪನದು ಮೋಟರ್ ವೈಂಡಿಂಗ್ ಕೆಲಸ. ನರಳುವ ಮಿಕ್ಸಿ, ತೆವಳುವ ಫ್ಯಾನು, ಏನೇ ತನ್ನಿ, ಸ್ವಿಚ್ ಹಾಕಿ ಕಣ್ಣು ಮುಚ್ಚಿ ಕೇಳಿ, ಎಷ್ಟು ಸುತ್ತು ಕಡಿಮೆ ತಿರುಗುತ್ತಿದೆ ಎಂದು ಹೇಳಿಬಿಡುತ್ತಾರೆ. ಆ ಕಿವಿಯ ಬಗ್ಗೆ ಅವರಿಗೂ ಜಂಬ, ನಮಗೂ ಜಂಬ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ತಾಮ್ರದ ತಂತಿಯ ಸುರುಳಿಗಳ ಪಕ್ಕದಲ್ಲೇ ಅವರ ರೆಕಾರ್ಡುಗಳು. ಗುಜರಿಗೆ ಬಿದ್ದಂಥವು, ಯಾವ ದೇಶದವೋ, ಯಾವ ಭಾಷೆಯವೋ. ಒಂದರಲ್ಲಿ ಬರೀ ತಗಡು ಬಡಿಯುವ ಸದ್ದು. ಇನ್ನೊಂದರಲ್ಲಿ ಒಬ್ಬಳು ಇಪ್ಪತ್ತು ನಿಮಿಷ ಒಂದೇ ಸ್ವರ ಹಿಡಿದು ಕೂತಿದ್ದಾಳೆ. ದೊಡ್ಡಮ್ಮ ತಲೆ ಚಚ್ಚಿಕೊಳ್ಳುತ್ತಿದ್ದರು. ದೊಡ್ಡಪ್ಪ ಮಾತ್ರ ದೂರದಿಂದ ಬಂದ ನೆಂಟರ ಮಾತು ಕೇಳುವ ಹಾಗೆ ನೆಟ್ಟಗೆ ಕೂತು ಕೇಳುತ್ತಿದ್ದರು. ಅರ್ಥವಾಗದ್ದನ್ನು ಅಷ್ಟು ಮರ್ಯಾದೆಯಿಂದ ಕೇಳುವ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ.

ಅವುಗಳಲ್ಲಿ ಅವರಿಗೆ ಪ್ರಾಣವೆಂದರೆ ‘ಗುಹೆಯ ಮುದುಕ’. ಆ ಹೆಸರಿಟ್ಟವರೂ ಅವರೇ. ಹೊದಿಕೆ ಕಳೆದುಹೋದ ದೊಡ್ಡ ರೆಕಾರ್ಡು, ಪಾತಾಳದಿಂದ ಎದ್ದುಬರುವಂಥ ನಿಧಾನದ ಗಂಡುದನಿ. ಲೇಬಲ್ಲಿನ ಅಕ್ಷರ ನಮಗ್ಯಾರಿಗೂ ಓದಲು ಬರದು. ಆ ಮುದುಕನ ಗಾಂಭೀರ್ಯದ ಬಗ್ಗೆ ಹನ್ನೊಂದು ವರ್ಷ ನಮ್ಮ ತಲೆ ಕೊರೆದಿದ್ದರು.

ನಾನು ಲೇಬಲ್ಲಿನ ಫೋಟೋ ಇಂಟರ್‌ನೆಟ್ಟಿಗೆ ಹಾಕಿದೆ. ತಿಂಗಳೊಳಗೆ ಅರವತ್ತರ ಹತ್ತಿರದ ಹೆಂಗಸೊಬ್ಬರು ಹುಡುಕಿಕೊಂಡು ಬಂದರು. ಅದರ ಮೇಲಿರುವುದು ಅವರ ತಾಯಿಯ ಹೆಸರಂತೆ. ತಾಯಿ ಎಂದಾಗಲೇ ದೊಡ್ಡಪ್ಪ ಕೆಮ್ಮಿದರು. ಆಕೆ ತೀರಿಕೊಂಡಾಗ ಇವರಿನ್ನೂ ಹಸುಗೂಸು. ಚಿಕ್ಕಮ್ಮ ಎತ್ತಿಕೊಂಡು ಸಮುದ್ರ ದಾಟಿ ಬಂದು ಇಲ್ಲೇ ಸಾಕಿದ್ದಂತೆ. ತಾಯಿ ಹಾಡಿದ್ದು ಇದೊಂದೇ ರೆಕಾರ್ಡು. ಆ ದನಿಯನ್ನು ಅವರು ಒಮ್ಮೆಯೂ ಕೇಳಿರಲಿಲ್ಲ.

ದೊಡ್ಡಪ್ಪ ಕೈ ತೊಳೆದು ಬಂದು ರೆಕಾರ್ಡಿನ ಮೇಲೆ ಮುಳ್ಳು ಇಟ್ಟರು. ಮುದುಕ ಶುರು ಮಾಡಿದ. ಹೆಂಗಸಿನ ಮುಖ ಬಾಡಿಹೋಯಿತು. ಇದು ಯಾರೋ ಗಂಡಸು, ಲೇಬಲ್ಲು ಅದಲುಬದಲಾಗಿರಬೇಕು ಎಂದು ಚೀಲ ಎತ್ತಿಕೊಂಡರು. ಅಮ್ಮನ ಹಾಡನ್ನು ಚಿಕ್ಕಮ್ಮ ಹೇಳಿಕೊಟ್ಟಿದ್ದು ಹೀಗೆ ಎಂದು ಬಾಗಿಲಲ್ಲೇ ನಿಂತು ಎರಡು ಸಾಲು ಗುನುಗಿದರು, ಚುರುಕಾಗಿ.

ದೊಡ್ಡಪ್ಪ ತಲೆ ಬಗ್ಗಿಸಿ ಕೇಳಿದರು, ಆಮೇಲೆ ಕಿವಿಯವರೆಗೂ ಕೆಂಪಾದರು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುದುಕನೂ ಉಳಿಯುತ್ತಿದ್ದ, ಮಾನವೂ ಉಳಿಯುತ್ತಿತ್ತು.

“ಕೂತ್ಕೊಳ್ಳಿ ತಾಯಿ, ತಪ್ಪು ನಂದು,” ಎಂದರು. “ದೊಡ್ಡ ರೆಕಾರ್ಡು ಅಂದ್ರೆ ನಿಧಾನಕ್ಕೇ ತಿರುಗ್ಬೇಕು ಅಂದ್ಕೊಂಡೆ. ಚಿಕ್ಕ ರೆಕಾರ್ಡಿನ ಜೋರು ವೇಗಕ್ಕೆ ಹಾಕಿ ನೋಡ್ಲೇ ಇಲ್ಲ.”

ವೇಗದ ಗುಂಡಿಯನ್ನು ನಿಮಿಷಕ್ಕೆ ಮೂವತ್ತಮೂರು ಸುತ್ತಿನಿಂದ ನಲವತ್ತೈದಕ್ಕೆ ತಿರುಗಿಸಿದರು. ಮುದುಕ ಮಾಯವಾದ. ಎಳೆಯ ಹುಡುಗಿಯೊಬ್ಬಳು ಅದೇ ಎರಡು ಸಾಲನ್ನು ಓಡೋಡುತ್ತ ಹಾಡಿದಳು, ನಡುವೆ ನಗು ತಡೆಯಲಾರದೆ ಒಂದು ಪದ ನುಂಗಿಬಿಟ್ಟಳು. ಹನ್ನೊಂದು ವರ್ಷದ ಹೆಮ್ಮೆಯನ್ನು ಹಾಗೆ ಒಂದು ಗುಂಡಿ ತಿರುಗಿಸಿ ಬಿಟ್ಟುಕೊಡುವುದು ನನ್ನಿಂದಾಗುತ್ತಿರಲಿಲ್ಲ.

ಹಾಡು ಮುಗಿದ ಮೇಲೆ ದೊಡ್ಡಪ್ಪ ರೆಕಾರ್ಡನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಅವರ ಕೈಗೇ ಕೊಟ್ಟರು. ಆ ಹೆಂಗಸು ಅದನ್ನು ಮಡಿಲಲ್ಲಿಟ್ಟುಕೊಂಡರು.

“ಅಮ್ಮ ಅಂದ್ರೆ ನನಗಿಂತ ದೊಡ್ಡೋಳು ಅಂತಲೇ ಇಷ್ಟು ವರ್ಷ ಅಂದ್ಕೊಂಡಿದ್ದೆ,” ಎಂದರು. “ಇವಳು ನನ್ನ ಮಗಳಿಗಿಂತ ಚಿಕ್ಕೋಳು.”